ಏಳನೇ ದಾನಿ

ಏಪ್ರಿಲ್ 3, ಬುಧವಾರ

ಎಂಟು ಗಂಟೆಗೆ ಪ್ರಯೋಗಾಲಯದ ಚಿಲಕ ಹಾಕಿಕೊಂಡು ಎಡಗೈ ಉಂಗುರಬೆರಳು ಚುಚ್ಚಿಕೊಂಡೆ. ಒಂದೇ ಹನಿ. ಲಿಥಿಯಂ ಅಳೆಯುವ ನಮ್ಮ ಗಾಜಿನ ಚಿಪ್‌ನ ಬಾಯಿಗೆ ಸೋಕಿಸಿದ್ದೇ ತಡ, ಕೂದಲೆಳೆಯಂಥ ಕಾಲುವೆ ಅದನ್ನು ತಾನಾಗಿ ಒಳಗೆ ಎಳೆದುಕೊಂಡಿತು. ಮೂರು ನಿಮಿಷಕ್ಕೆ ಅಂಕಿ ನಿಂತಿತು, ಇರಬೇಕಾದ ಮಟ್ಟದಲ್ಲೇ. 0.78. ನೋಟ್‌ಬುಕ್ಕಿನಲ್ಲಿ ಬರೆದೆ: ದಾನಿ 7, ಲಿಥಿಯಂ 0.78. ಬೆರಳು ಒರೆಸಿಕೊಂಡು ಚಿಲಕ ತೆಗೆದೆ.

ಆ ಏಳನೇ ದಾನಿ ನಾನೇ ಎಂಬುದು ಇಲ್ಲಿ ಯಾರಿಗೂ ಗೊತ್ತಿಲ್ಲ. ನಿಜವಾದ ಏಳನೆಯವನು ಟ್ರಾಂಗ್ ಊರಿನ ಕಡೆಯ ಬಸ್ ಕಂಡಕ್ಟರ್. ಫೆಬ್ರವರಿಯಲ್ಲಿ ಎರಡು ಸಲ ಬಂದ, ಆಮೇಲೆ ಪತ್ತೆಯಿಲ್ಲ. ಮನಸ್ಸಿನ ಏರಿಳಿತ ತಡೆಯುವ ಲಿಥಿಯಂ ಮಾತ್ರೆಯನ್ನು ತಪ್ಪದೆ ನುಂಗುವ, ದಿನಾ ಕೈಗೆ ಸಿಗುವ ಒಂದು ಮೈ ಬೇಕಾಗಿತ್ತು. ನನ್ನದೇ ಇತ್ತಲ್ಲ! ಹದಿನೇಳು ವರ್ಷದಿಂದ ಊಟವಾದ ಮೇಲೆ ನುಂಗುತ್ತಿದ್ದೇನೆ. ದಾಖಲೆಯಲ್ಲಿ ಕಂಡಕ್ಟರನ ಫೋನ್ ನಂಬರ್ ಹೊಡೆದುಹಾಕಿ ನನ್ನ ಗಂಡ ತಾವೊನ್‌ನ ಅಂಗಡಿಯ ನಂಬರ್ ಬರೆದಿಟ್ಟೆ. ಯಾರು ಫೋನ್ ಮಾಡುತ್ತಾರೆ?

ತಪ್ಪು ಅಂತ ಗೊತ್ತು. ಆದರೆ ಹೇಳಿಕೊಳ್ಳುವುದಾದರೂ ಹೇಗೆ? ಬ್ಯಾಂಕಾಕಿನಲ್ಲಿದ್ದಾಗ ನಾಲ್ಕು ದಿನ ನಿದ್ದೆಯಿಲ್ಲದೆ ಇಡೀ ವಿಭಾಗದ ಗಾಜಿನ ಸಾಮಾನು ತೊಳೆದು, ತಡೆಯಲು ಬಂದ ಪ್ರೊಫೆಸರರ ಕಡೆಗೆ ಬಾಟಲಿ ಎಸೆದವಳು ನಾನು. ಆಮೇಲೆ ಎಷ್ಟು ಒಳ್ಳೆಯ ಕೆಲಸ ಮಾಡಿದರೂ ಜನ ನನ್ನ ಕೈಯನ್ನೇ ನೋಡುತ್ತಿದ್ದರು, ಮುಂದೇನು ಎಸೆಯುತ್ತಾಳೋ ಎಂಬಂತೆ. ದಕ್ಷಿಣದ ಈ ಹಾಟ್ ಯಾಯ್ ಊರಿಗೆ ಬಂದ ಮೇಲೆ ಯಾರೂ ಹಾಗೆ ನೋಡಿಲ್ಲ. ನೋಡುವುದೂ ಬೇಡ.

ಜೂನ್ ನಾಲ್ಕಕ್ಕೆ ಆಸ್ಪತ್ರೆಯಲ್ಲಿ ರೋಗಿಗಳ ಮೇಲೆ ಮೊದಲ ಪರೀಕ್ಷೆ. ಅಷ್ಟರೊಳಗೆ ಈ ಚಿಪ್ ಸುಳ್ಳು ಹೇಳುವುದಿಲ್ಲವೆಂದು ತೋರಿಸಬೇಕು.

ಏಪ್ರಿಲ್ 5, ಶುಕ್ರವಾರ

ಸೊಂಟ ಹಿಡಿದುಕೊಂಡಿದೆ. ಸೂಕ್ಷ್ಮದರ್ಶಕದ ಮೇಲೆ ಬಗ್ಗಿ ಬಗ್ಗಿ ಎದ್ದು ನಿಲ್ಲಲಾಗದ ಸ್ಥಿತಿ. ತಾವೊನ್ ತನ್ನ ಹೊಲಿಗೆ ಯಂತ್ರದ ಅಂಗಡಿಯ ಪಕ್ಕದವರಿಂದ ಮೈಕೈ ನೋವಿನ ಪೊಟ್ಟಣ ತಂದ. ಒಂದೊಂದರಲ್ಲೂ ನಾಲ್ಕು ಗುಳಿಗೆ, ನಾಲ್ಕು ಬಣ್ಣ.

"ಮಾರ್ಕೆಟ್ಟಲ್ಲಿ ಮೂಟೆ ಹೊರೋರೆಲ್ಲಾ ಇದನ್ನೇ ತಗೊಳ್ಳೋದು. ಅರ್ಧ ಗಂಟೆಗೆ ಎದ್ದು ಕುಣೀತೀಯ ನೋಡು," ಅಂದ. ಆಮೇಲೆ ಎಂದಿನ ಮಾತು: "ಅದಿರ್ಲಿ, ಆ ಮಾತ್ರೆ ತಗೊಂಡ್ಯಾ?"

"ಹದಿನೇಳು ವರ್ಷದಲ್ಲಿ ಒಂದಿನ ತಪ್ಪಿಸಿದೀನಾ?"

"ಕೇಳೋದು ನನ್ನ ಕೆಲ್ಸ. ಸಿಟ್ಟಾಗೋದು ನಿನ್ನ ಕೆಲ್ಸ."

ಕುಣಿಯಲಿಲ್ಲ, ಆದರೆ ನೆಟ್ಟಗೆ ನಿಂತೆ. ಪುಣ್ಯಾತ್ಮ.

ಏಪ್ರಿಲ್ 9, ಮಂಗಳವಾರ

0.95. ಇದೆಲ್ಲಿಂದ ಬಂತು? ತಿನ್ನುವುದು ಅದೇ, ನುಂಗುವುದು ಅದೇ. ಅಂದರೆ ಬೆಳ್ಳಿಯದೇ ಕಿತಾಪತಿ.

ಚಿಪ್‌ನ ಕಾಲುವೆಯಲ್ಲಿ ಎರಡು ವಿದ್ಯುದ್ವಾರಗಳಿವೆ. ಒಂದರ ಮೇಲೆ ಲಿಥಿಯಂ ಅನ್ನು ಮಾತ್ರ ಗುರುತಿಸುವ ಪೊರೆ. ಇನ್ನೊಂದು ಬೆಳ್ಳಿಯದು, ಅದು ಅಲುಗಬಾರದು. ಅದಕ್ಕೆ ಹೋಲಿಸಿಯೇ ಮೊದಲನೆಯದರ ಏರಿಳಿತ ಅಳೆಯುವುದು. ಲೋಹ ದ್ರವವನ್ನು ಮುಟ್ಟುವಲ್ಲಿ ಕಣ್ಣಿಗೆ ಕಾಣದ ಒಂದು ತೆಳು ಪದರವಿದೆ, ಎಲ್ಲ ವ್ಯವಹಾರ ಅಲ್ಲೇ. ಇಷ್ಟು ಚಿಕ್ಕ ಕಾಲುವೆಯಲ್ಲಿ ಬೆಳ್ಳಿಯ ಮೇಲಿನ ಲವಣ ಕರಗಿ ತೊಳೆದುಹೋದರೆ ಆ ಪದರ ಜಾರುತ್ತದೆ. ಐದು ಮಿಲಿವೋಲ್ಟ್ ಜಾರಿದರೂ ಸಾಕು, ಲಿಥಿಯಂ ಏರಿದಂತೆಯೇ ಕಾಣುತ್ತದೆ.

ಪ್ರಯೋಗಾಲಯದಲ್ಲಿ ಜೊತೆಗೆ ಕೆಲಸ ಮಾಡುವ ನೂರೀಯಾಗೆ ಹೇಳಿದೆ. ಅವಳು ನನಗಿಂತ ಆರು ವರ್ಷ ಚಿಕ್ಕವಳು, ಪೊರೆ ಮಾಡುವುದರಲ್ಲಿ ನನಗಿಂತ ಗಟ್ಟಿ. ಇವತ್ತು ಅವಳ ರಂಜಾನ್ ಉಪವಾಸದ ಕೊನೆಯ ದಿನ, ಮುಖ ಬಾಡಿತ್ತು, ನಾಲಿಗೆ ಬಾಡಿರಲಿಲ್ಲ.

"ಬೆಳ್ಳಿ ಮೇಲೆ ಹಾಕ್ಬೇಡ ಪುಕ್ ಅಕ್ಕ. ಹೋದ ವಾರ ಇದೇ ಬೆಳ್ಳೀನ ಮುದ್ದು ಮಾಡ್ತಿದ್ದೆ. ನಿನ್ನ ಕೈ ಯಾಕೆ ಹಂಗೆ ನಡುಗ್ತಿದೆ? ಉಪವಾಸ ನಂದಾ, ನಿಂದಾ?"

ಐಸ್ ಕಾಫಿ ಜಾಸ್ತಿಯಾಗಿದೆ. ಕಮ್ಮಿ ಮಾಡಬೇಕು.

ಏಪ್ರಿಲ್ 12, ಶುಕ್ರವಾರ

ನೂರೀಯಾ ತನ್ನ ಊರು ಪಟ್ಟಾನಿಯಿಂದ ಹಬ್ಬದ ಮಾಂಸದ ಪಲ್ಯ, ಎಲೆಯಲ್ಲಿ ಕಟ್ಟಿ ಬೇಯಿಸಿದ ಅಕ್ಕಿ ಕಡುಬು ತಂದಿದ್ದಳು. ಎರಡು ತುತ್ತಿಗೇ ಹೊಟ್ಟೆ ತೊಳೆಸಿತು. ಮೂರು ಸಲ ಶೌಚಾಲಯಕ್ಕೆ ಓಡಿದೆ. ಅವಳಿಗೆ ಹೇಳಲಿಲ್ಲ, ನೊಂದುಕೊಳ್ಳುತ್ತಾಳೆ. ಸೆಕೆ ಮೂವತ್ತೆಂಟು ದಾಟಿದೆ, ಯಾರಿಗೆ ತಾನೇ ಹೊಟ್ಟೆ ಸರಿಯಿರುತ್ತದೆ?

1.08.

ಏಪ್ರಿಲ್ 16, ಮಂಗಳವಾರ

ಹೊಸವರ್ಷದ ರಜೆ ಮುಗಿಯಿತು. ಬೀದಿಯಲ್ಲಿ ಇಡೀ ಊರು ನೀರೆರಚಾಡುತ್ತಿದ್ದರೆ ನಾನು ಇಲ್ಲಿ ಕೂತು ಬೆಳ್ಳಿ ಕೆರೆದು, ಹೊಸದಾಗಿ ಲವಣದ ಲೇಪ ಕೊಟ್ಟು, ಇಪ್ಪತ್ತೆರಡು ಹೊಸ ಚಿಪ್ ಕಟ್ಟಿದೆ. ಒಂಬತ್ತು ಒಡೆದವು. ಕೈಯಿಂದ ಜಾರಿದವು ಅಷ್ಟೆ, ಗಾಜೇ ನುಣುಪು. ಹೊಸ ಚಿಪ್, ಹೊಸ ಬೆಳ್ಳಿ, ಹೊಸ ಪೊರೆ. ಈಗ ಸರಿಹೋಗಲೇಬೇಕು ಅಂದುಕೊಂಡು ಬೆರಳು ಚುಚ್ಚಿದೆ. 1.21.

ಕೂರಲಾಗುತ್ತಿಲ್ಲ. ಕೂತರೆ ಕಾಲು ತಾನಾಗಿ ಅಲ್ಲಾಡುತ್ತದೆ. ಎದ್ದು ಮೊಗಸಾಲೆಯಲ್ಲಿ ಅತ್ತಿಂದಿತ್ತ ನಡೆದೆ. ನಡೆದರೆ ಕೂರಬೇಕೆನಿಸುತ್ತದೆ. ಬಾಯಾರಿಕೆ ನೋಡಿದರೆ ಬಿಂದಿಗೆ ನೀರು ಕುಡಿದರೂ ಇಂಗುವುದಿಲ್ಲ. ಸೊಂಟಕ್ಕೆ ಈಗ ದಿನಕ್ಕೆ ಎರಡು ಪೊಟ್ಟಣ. ಅದೊಂದು ಮಾತ್ರ ಹೇಳಿದಂತೆ ಕೇಳುತ್ತಿದೆ.

ಏಪ್ರಿಲ್ 19, ಶುಕ್ರವಾರ

ವಿಚಿತ್ರ. ಲಿಥಿಯಂ ಬೆರೆಸಿದ ಉಪ್ಪುನೀರು ಹಾಕಿದರೆ ಚಿಪ್ ಕರಾರುವಾಕ್ಕು. ನೂರೀಯಾಳ ರಕ್ತಕ್ಕೆ ಲಿಥಿಯಂ ಬೆರೆಸಿದರೂ ಕರಾರುವಾಕ್ಕು. ಉಳಿದ ಆರು ದಾನಿಗಳೂ ತಮ್ಮ ತಮ್ಮ ಜಾಗದಲ್ಲಿ ತೆಪ್ಪಗಿದ್ದಾರೆ. ಏರುವುದು ಏಳನೆಯದೊಂದೇ.

ಅಂದರೆ ಆ ರಕ್ತದಲ್ಲೇ ಏನೋ ಇದೆ. ಯಾವುದೋ ಪ್ರೋಟೀನು ಬೆಳ್ಳಿಗೆ ಅಂಟಿಕೊಳ್ಳುತ್ತಿರಬೇಕು. ಇದೇ ಒಂದು ಪ್ರಬಂಧಕ್ಕೆ ಸಾಕು! ಎರಡು ಪುಟ ಟಿಪ್ಪಣಿ ಬರೆದೆ. ಈಗ ಓದಿದರೆ ಒಂದೇ ವಾಕ್ಯವನ್ನು ಮೂರು ಸಲ ಬರೆದಿದ್ದೇನೆ.

ಏಪ್ರಿಲ್ 23, ಮಂಗಳವಾರ

ನೂರೀಯಾ ನೋಟ್‌ಬುಕ್ ಹಿಡಿದುಕೊಂಡು ಮೇಜಿನ ಮುಂದೆ ನಿಂತಳು.

"ಅಕ್ಕ, ಈ ಏಳನೇ ದಾನಿ ಯಾರು?"

"ದಾನಿಗಳ ಹೆಸರು ಕೇಳ್ಬಾರ್ದು ಅಂತ ನಿಯಮ ಮಾಡಿದ್ದು ನೀನೇ."

"ಹೆಸರು ಬೇಡ ನಂಗೆ. ಆಸ್ಪತ್ರೇಲಿ ಒಂದು ಸಲ ರಕ್ತ ಪರೀಕ್ಷೆ ಮಾಡಿಸೋಕೆ ಹೇಳು ಸಾಕು. 1.4 ಬಂದಿದೆ. ಒಂದಾ ನಮ್ಮ ಚಿಪ್ ಸುಳ್ಳು ಹೇಳ್ತಿದೆ, ಇಲ್ಲಾ ಆ ಮನುಷ್ಯಂಗೆ ವಿಷ ಏರ್ತಿದೆ."

"ಚಿಪ್ಪೇ ಸುಳ್ಳು. ಆ ಮನುಷ್ಯ ಆರಾಮಾಗಿದಾನೆ. ದಿನಾ ನೋಡ್ತೀನಲ್ಲ."

"ದಿನಾ ನೋಡ್ತಿರೋರ ಕಣ್ಣಿಗೇ ಏನೂ ಕಾಣಲ್ಲ ಅಕ್ಕ."

ಇವಳಿಗೇನು ಗೊತ್ತು? ಅವಳು ಹೋಗುವವರೆಗೂ ಕೈಗಳನ್ನು ಮೇಜಿನ ಕೆಳಗೆ ಇಟ್ಟುಕೊಂಡಿದ್ದೆ. ಯಾಕೆ ಅಂತ ನನಗೇ ತಿಳಿಯಲಿಲ್ಲ.

ಏಪ್ರಿಲ್ 25, ಗುರುವಾರ

ಗಂಜಿ ಬಟ್ಟಲು ಕೈಜಾರಿತು. ತಾವೊನ್ ನೆಲ ಒರೆಸುತ್ತಾ, "ಡಾಕ್ಟ್ರ ಹತ್ರ ಹೋಗೋಣ," ಅಂದ. "ಬಟ್ಟಲು ಬಿದ್ರೆ ಡಾಕ್ಟ್ರಾ? ಹುಚ್ಚು ನಂಗಾ ನಿಂಗಾ?" ಎಂದು ಕಿರುಚಿದೆ. ಅವನು ನೆಲ ಒರೆಸಿ ಮುಗಿಸಿದ. ಸೊಂಟದ ಪೊಟ್ಟಣ ಮೇಜಿನ ಮೇಲಿಟ್ಟು ಅಂಗಡಿಗೆ ಹೋದ.

1.6.

ಶನಿವಾರ ಇರಬೇಕು

ಬೆಳ್ಳಿ ಕೆರೆಯಬೇಕು. ಮತ್ತೆ ಕೆರೆಯಬೇಕು. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದುಕೊಂಡೆ, ಮೆಟ್ಟಿಲುಗಳೇ ಒಂದರಂತೆ ಒಂದಿಲ್ಲ. ಅಕ್ಷರಗಳು ದೊಡ್ಡದಾಗುತ್ತಿವೆ. ಪೆನ್ನು ಸರಿಯಿಲ್ಲ

ಮೇ 2, ಗುರುವಾರ

ಆಸ್ಪತ್ರೆಯ ಹಾಸಿಗೆ. ಇವತ್ತು ಪೆನ್ನು ಹಿಡಿದರೆ ನಿಲ್ಲುತ್ತಿದೆ. ಸೋಮವಾರದ್ದನ್ನು ಬರೆದಿಡುತ್ತೇನೆ, ಅರ್ಧ ನನಗೆ ನೆನಪಿರುವುದು, ಇನ್ನರ್ಧ ನೂರೀಯಾ ಹೇಳಿದ್ದು.

ಬೆಳಗ್ಗೆ ಚಿಪ್ 1.9 ತೋರಿಸಿತು. ನಾನು ಹೊಸ ಚಿಪ್ ತೆಗೆದುಕೊಳ್ಳಲು ಹೋಗಿ ಇಡೀ ತಟ್ಟೆಯನ್ನೇ ಬೀಳಿಸಿದೆ. ನೂರೀಯಾ ಬಂದು ಗಾಜು ಗುಡಿಸಿದಳು. ನೋಟ್‌ಬುಕ್ ನೋಡಿದಳು. ದಾನಿಗಳ ಕಡತ ತೆಗೆದು, ಏಳನೆಯ ನಂಬರಿಗೆ ಫೋನ್ ಮಾಡಿ, ಧ್ವನಿ ಜೋರಾಗಿ ಕೇಳುವಂತೆ ಮೇಜಿನ ಮೇಲಿಟ್ಟಳು. ನಾನು ತಡೆಯಬೇಕೆಂದು ಬಾಯಿ ತೆರೆದೆ, ನಾಲಿಗೆ ಹೊರಳಲಿಲ್ಲ.

"ಹೊಲಿಗೆ ಮಿಷನ್ ರಿಪೇರಿ, ಹೇಳಿ," ಅಂದಿತು ಫೋನು.

ನೂರೀಯಾ ನನ್ನ ಮುಖ ನೋಡಿದಳು. ಅಂಗಡಿಯ ನಂಬರ್ ಅವಳಿಗೆ ಗೊತ್ತಿರಲಿಲ್ಲ, ಆದರೆ ದನಿ ಗೊತ್ತು. ನಮ್ಮ ಮನೆಯಲ್ಲಿ ಎಷ್ಟು ಸಲ ಊಟ ಮಾಡಿಲ್ಲ?

"ತಾವೊನ್ ಅಣ್ಣ? ನಾನು ನೂರೀಯಾ. ಲಿಥಿಯಂ ಪರೀಕ್ಷೆಗೆ ರಕ್ತ ಕೊಡೋ ಏಳನೇ ದಾನಿ ನೀವಾ?"

ಹಿಂದೆ ಮಾರ್ಕೆಟ್ಟಿನ ಗದ್ದಲ, ಯಾರಿಗೋ ಸ್ವಲ್ಪ ತಡಿ ಅಂದ. ಆಮೇಲೆ ಅವನು ಹೇಳಿದ, ತೀರಾ ಸಲೀಸಾಗಿ: "ಹೌದಮ್ಮ, ನಾನೇ. ತುಂಬಾ ವರ್ಷದಿಂದ ಆ ಮಾತ್ರೆ ತಗೊಳ್ತೀನಿ. ಯಾರಿಗೂ ಹೇಳ್ಬೇಡ, ಆಯ್ತಾ?"

ನನ್ನ ಗಂಡ ಜೀವಮಾನದಲ್ಲಿ ಒಂದು ಸೂಜಿಯ ಬಗ್ಗೆಯೂ ಸುಳ್ಳು ಹೇಳಿದವನಲ್ಲ. ಆಗ ನನಗೆ ಹಾಯೆನಿಸಿತು ಅಂತ ಬರೆಯಲು ನಾಚಿಕೆಯಾಗುತ್ತದೆ. ಆದರೆ ಹಾಯೆನಿಸಿದ್ದು ನಿಜ. ಬಚಾವಾದೆ ಅಂದುಕೊಂಡೆ.

"ಹಂಗಾದ್ರೆ ಈಗ್ಲೇ ಅಂಗಡಿ ಬಾಗಿಲು ಹಾಕಿ ಆಸ್ಪತ್ರೆಗೆ ಹೊರಡಿ," ಅಂದಳು ನೂರೀಯಾ. "ನಿಮ್ಮ ರಕ್ತದಲ್ಲಿ ಲಿಥಿಯಂ 1.9 ಇದೆ. ಮಾಮೂಲಿಗಿಂತ ಎರಡರಷ್ಟಕ್ಕೂ ಜಾಸ್ತಿ. ಮೂತ್ರಪಿಂಡ ಹೋಗುತ್ತೆ, ಮೆದುಳಿಗೂ ಏಟು ಬೀಳುತ್ತೆ. ಕೈ ನಡುಗ್ತಿದೆಯಾ? ನಡೆಯುವಾಗ ತೂರಾಡ್ತೀರಾ? ಹೊಟ್ಟೆ ಕೆಟ್ಟಿದೆಯಾ?"

ತಾವೊನ್ ಮಧ್ಯೆ ಬಾಯಿ ಹಾಕಿದ.

"ಎಷ್ಟು ಅಂದೆ?"

"1.9."

"ನಾನಲ್ಲಮ್ಮ," ಅಂದ ತಾವೊನ್. "ಅದು ನಾನಲ್ಲ. ಅವಳು. ಅಲ್ಲೇ ಇದಾಳಾ? ಅವಳನ್ನ ಕೂರ್ಸು. ಎಲ್ಲಿಗೂ ಬಿಡ್ಬೇಡ, ಬಂದೆ."

ನೂರೀಯಾ ನನ್ನನ್ನು ಬೈಯಲಿಲ್ಲ. ಸ್ಟೂಲ್ ಎಳೆದು ಕೂರಿಸಿದಳು, ಹಿಂದೆ ನಿಂತು ಎರಡೂ ಭುಜ ಒತ್ತಿ ಹಿಡಿದುಕೊಂಡಳು. "ಚಿಪ್ ಸರಿಯಾಗೇ ಹೇಳ್ತಿತ್ತು ಅಕ್ಕ," ಎಂದಷ್ಟೇ ಅಂದಳು. ಅವಳು ಅಳುತ್ತಿದ್ದಳು ಅಂತ ಕಾಣುತ್ತದೆ, ನನ್ನ ಕತ್ತಿನ ಮೇಲೆ ಬಿಸಿ ಹನಿ ಬಿತ್ತು.

ಆಸ್ಪತ್ರೆಯ ದೊಡ್ಡ ಯಂತ್ರ 1.94 ಹೇಳಿತು. ಡಾಕ್ಟರ್ ಹೆಂಗಸು, ಚುರುಕು. "ಮಾತ್ರೆ ಜಾಸ್ತಿ ನುಂಗಿದ್ರಾ?" ಇಲ್ಲ. "ನೋವಿಗೆ ಏನಾದ್ರೂ ತಗೊಂಡ್ರಾ?" ಅಂದಾಗ ತಾವೊನ್ ಶರ್ಟಿನ ಜೇಬಿಗೆ ಕೈ ಹಾಕಿದ. ಅವತ್ತಿನ ಪೊಟ್ಟಣ ಅಲ್ಲೇ ಇತ್ತು. ಡಾಕ್ಟರ್ ಅದನ್ನು ಬಿಚ್ಚಿ ಒಂದು ಕಿತ್ತಳೆ ಗುಳಿಗೆಯನ್ನು ಉಗುರಿನಿಂದ ಬೇರೆ ಮಾಡಿದರು.

"ಇದೇ. ಈ ಜಾತಿ ನೋವಿನ ಗುಳಿಗೆ ಲಿಥಿಯಂ ಹೊರಗೆ ಹೋಗೋಕೆ ಬಿಡಲ್ಲ. ಮೂತ್ರಪಿಂಡದ ದಾರಿ ಕಟ್ಟುತ್ತೆ. ಮೇಲೆ ಈ ಸೆಕೆ, ಭೇದಿ ಬೇರೆ. ಇನ್ನೊಂದು ವಾರ ಬಿಟ್ಟು ಬಂದಿದ್ರೆ ನಾನು ನಿಮ್ಮ ಜೊತೆ ಹಿಂಗೆ ಮಾತಾಡ್ತಿರ್ಲಿಲ್ಲ."

ನಾನು ಲಿಥಿಯಂ ಬಗ್ಗೆ ಹನ್ನೊಂದು ಪ್ರಬಂಧ ಬರೆದವಳು. ಪೊರೆಯ ಒಂದೊಂದು ಅಣು ಗೊತ್ತು. ಮೂತ್ರಪಿಂಡದ ವಿಚಾರ ಹದಿನೇಳು ವರ್ಷದ ಹಿಂದೆ ಒಬ್ಬ ಡಾಕ್ಟರ್ ಹೇಳಿದ್ದಿರಬೇಕು, ಆಗ ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ಆಮೇಲೆ ಕೇಳುವ ಧೈರ್ಯವಿರಲಿಲ್ಲ. ಆಸ್ಪತ್ರೆಯ ಮಾನಸಿಕ ವಿಭಾಗಕ್ಕೆ ಹೋಗುವಾಗಲೆಲ್ಲ ಮುಖವಸ್ತ್ರ ಕಟ್ಟಿಕೊಂಡು, ಔಷಧಿ ಚೀಟಿ ತೆಗೆದುಕೊಂಡು ಓಡಿ ಬರುತ್ತಿದ್ದೆ.

ತಾವೊನ್ ಈಗಲೂ ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತಿದ್ದಾನೆ. ಒಳಗೆ ಬಾ ಅಂದರೆ ಬರುವುದಿಲ್ಲ.

ಮೇ 4, ಶನಿವಾರ

1.1ಕ್ಕೆ ಇಳಿದಿದೆ. ಎರಡೂ ಕೈಯಲ್ಲಿ ಲೋಟ ಹಿಡಿದು ಚೆಲ್ಲದೆ ಕುಡಿದೆ.

ತಾವೊನ್‌ನನ್ನು ನರ್ಸ್ ಬೈದು ಒಳಗೆ ಕಳಿಸಿದರು. ಕೈಕಟ್ಟಿ ನಿಂತ.

"ನಿಂಗೆ ದಿನಾ ವಿಷ ತಂದುಕೊಟ್ಟೆ."

"ನಾನು ನೋವು ಅಂದೆ, ನೀನು ನೋವಿಗೆ ಔಷಧಿ ತಂದೆ. ಬಾ, ಕೂತ್ಕೋ."

"ಮಾತ್ರೆ ತಗೊಂಡ್ಯಾ ಅಂತ ದಿನಾ ಕೇಳ್ತಿದ್ದೆ. ಹೆಂಗಿದೀಯಾ ಅಂತ ಒಂದಿನ ಸರಿಯಾಗಿ ಕೇಳ್ಲಿಲ್ಲ."

"ಕೇಳಿದ್ರೆ ನಾನು ಕಿರುಚ್ತಿದ್ದೆ."

"ಅದೂ ನಿಜ," ಅಂದ. ನಗಲು ಹೋಗಿ ಮುಖ ಆಚೆ ತಿರುಗಿಸಿಕೊಂಡ. ನಾನು ಅವನ ಬೆರಳು ಹಿಡಿದುಕೊಂಡೆ. ಸೂಜಿ, ದಾರ, ಎಣ್ಣೆ ಮೆತ್ತಿ ಗಟ್ಟಿಯಾದ ಬೆರಳು. ಫೋನಿನಲ್ಲಿ ಸುಳ್ಳು ಯಾಕೆ ಹೇಳಿದೆ ಅಂತ ನಾನು ಕೇಳಲಿಲ್ಲ.

ಮೇ 14, ಮಂಗಳವಾರ

ನಾವೆಲ್ಲ ಆಜಾನ್, ಅಂದರೆ ಗುರುಗಳು, ಅಂತ ಕರೆಯುವ ರಚನೀ ಕರೆಸಿದ್ದರು. ಪ್ರಯೋಗಾಲಯದ ಮುಖ್ಯಸ್ಥೆ, ಮುಂದಿನ ವರ್ಷ ನಿವೃತ್ತಿ. ನೋಟ್‌ಬುಕ್ ಮೇಜಿನ ಮೇಲೆ ತೆರೆದಿತ್ತು. ಒಂದು ದೊಡ್ಡ ಭಾಷಣ ಸಿದ್ಧಮಾಡಿಕೊಂಡು ಹೋಗಿದ್ದೆ: ಕಾಯಿಲೆ, ಬ್ಯಾಂಕಾಕು, ಭಯ. ಅವರು ಕೈ ಎತ್ತಿದರು.

"ನಿನ್ನ ಕಾಯಿಲೆ ವಿಷ್ಯ ನಿನ್ನದು. ನಾನು ಕೇಳಿಲ್ಲ, ಹೇಳ್ಬೇಡ. ನನ್ನ ತಮ್ಮನೂ ಇದೇ ಮಾತ್ರೆ ಮೇಲೆ ಮೂವತ್ತು ವರ್ಷ ಬದುಕ್ದ. ನಂಗೆ ಸಿಟ್ಟು ಬಂದಿರೋದು ಈ ಹಾಳೆ ಮೇಲೆ. ಕಂಡಕ್ಟರ್ ಹೆಸರಿಗೆ ನಿನ್ನ ರಕ್ತ ಹಾಕಿದ್ಯಲ್ಲ, ಇದು ಸುಳ್ಳು ದಾಖಲೆ."

"ಆದ್ರೆ ಆಜಾನ್, ಚಿಪ್ ಸರಿ ಅಂತ ಇದ್ರಿಂದ್ಲೇ..."

"ಗೊತ್ತಮ್ಮ. ಇದಕ್ಕಿಂತ ಒಳ್ಳೇ ಸಾಕ್ಷಿ ಸಿಗಲ್ಲ. ಆದ್ರೂ ಬಳಸೋಹಾಗಿಲ್ಲ."

ಕೆಂಪು ಶಾಯಿಯಲ್ಲಿ ಏಳನೆಯ ದಾನಿಯ ಸಾಲುಗಳನ್ನೆಲ್ಲ ಹೊಡೆದು, ಪ್ರತಿ ಪುಟದಲ್ಲೂ ನನ್ನಿಂದಲೇ ಸಹಿ ಹಾಕಿಸಿದರು. ಹತ್ತು ವಾರದ ಕೆಲಸ. ಆಸ್ಪತ್ರೆಯ ಪರೀಕ್ಷೆಯಲ್ಲಿ ನಾನು ಅಳೆಯುವಂತಿಲ್ಲ, ಅಂಕಿ ಬರೆಯುವಂತಿಲ್ಲ. ಅದು ನೂರೀಯಾಳ ಕೈಗೆ. ಸಮಿತಿಯ ಮುಂದೆ ನಾನೇ ನಿಂತು ತಪ್ಪೊಪ್ಪಿಕೊಳ್ಳಬೇಕು. ಕೆಲಸ ಉಳಿಯುವುದೋ ಇಲ್ಲವೋ ಅವರಿಗೆ ಬಿಟ್ಟದ್ದು.

ಕೊನೆಯ ಸಹಿ ಹಾಕುವಾಗ ಆಜಾನ್ ನನ್ನ ಕೈ ನೋಡುತ್ತಿದ್ದರು. ಬ್ಯಾಂಕಾಕಿನವರಂತೆ ಅಂದುಕೊಂಡೆ. "ಅಕ್ಷರ ಮೊದಲಿನ ಹಾಗೇ ಆಗಿದೆ," ಅಂದರು.

ಮೇ 27, ಸೋಮವಾರ

ಸಮಿತಿ ಮುಗಿಯಿತು. ಕೆಲಸ ಉಳಿದಿದೆ, ಒಂದು ವರ್ಷ ನನ್ನ ಹೆಸರಿನಲ್ಲಿ ಪ್ರಬಂಧವಿಲ್ಲ. ಏಳು ಜನರ ಮುಂದೆ ಹೇಳಿದೆ. ಒಬ್ಬರು ಕಿಟಕಿ ನೋಡಿದರು, ಒಬ್ಬರು ನೀರು ಕೊಟ್ಟರು. ಅಷ್ಟೇ ಆದದ್ದು.

ನೂರೀಯಾ ಒಂದು ಹೊಸ ಕೆಲಸ ಹುಡುಕಿಟ್ಟಿದ್ದಾಳೆ. "ಅಳೆಯೋ ಹಾಗಿಲ್ಲ ಅಂದ್ರು, ಮಾತಾಡೋ ಹಾಗಿಲ್ಲ ಅಂದ್ರಾ? ಜನ ಚಿಪ್ ನೋಡಿದ್ರೆ ಹೆದರ್ತಾರೆ. ಹೊರಗೆ ಕೂತು ಅವರಿಗೆ ಸಮಾಧಾನ ಹೇಳು."

"ನಂಗೆ ಬರಲ್ಲ."

"ಕಲ್ತ್ಕೋ ಅಕ್ಕ. ಬೆಳ್ಳಿಗೇ ಅಷ್ಟು ಹೊತ್ತು ಸಮಾಧಾನ ಹೇಳ್ತಿದ್ದೆ."

ಜೂನ್ 4, ಮಂಗಳವಾರ

ಮಾನಸಿಕ ವಿಭಾಗದ ಹೊರ ಮೊಗಸಾಲೆ, ಉದ್ದದ ಬೆಂಚು, ಹತ್ತೊಂಬತ್ತು ಜನ. ಮುಖವಸ್ತ್ರ ಕಟ್ಟದೆ ನಾನು ಇಲ್ಲಿ ನಿಂತದ್ದು ಇದೇ ಮೊದಲು. ಒಳಗೆ ನೂರೀಯಾ ಚಿಪ್‌ಗಳನ್ನು ಜೋಡಿಸುತ್ತಿದ್ದಳು. ಪಟ್ಟಿ ಹಿಡಿದು ಹೆಸರು ಕರೆದೆ. ಮೊದಲ ಹೆಸರಿನವಳು ಏಳಲಿಲ್ಲ. ಲಮೈ ಎಂಬ ಹೆಂಗಸು, ಅರವತ್ತರ ಮೇಲೆ, ಸೊಂಗ್ಖ್ಲಾ ಸರೋವರದ ಕಡೆಯ ಮೀನು ಮಾರುವವಳು. ತೊಡೆಯ ಮೇಲೆ ಚೀಲ ಅವುಚಿಕೊಂಡು ಕೂತೇ ಇದ್ದಳು.

"ನಾನು ಕೊಡಲ್ಲ. ತೋಳಲ್ಲಿ ರಕ್ತ ತೆಗೀತಾರಲ್ಲ, ಅದೇ ಸಾಕು. ಇದ್ಯಾವುದೋ ಹೊಸ ಆಟ."

ಕಲಿತು ಬಂದದ್ದನ್ನೆಲ್ಲ ಒಪ್ಪಿಸಿದೆ: ಒಂದೇ ಹನಿ, ನೋವಿಲ್ಲ, ಮೂರು ನಿಮಿಷ, ಮುಂದೆ ಮನೆಯಲ್ಲೇ ನೋಡಿಕೊಳ್ಳಬಹುದು. ಅವಳು ನನ್ನ ಬಿಳಿ ಕೋಟನ್ನು ಮೇಲಿಂದ ಕೆಳಗೆ ನೋಡಿದಳು.

"ಓದಿದೋಳು ನೀನು, ಹೇಳ್ತೀಯ. ಮಾತ್ರೆ ನುಂಗೋಳು ನಾನು. ನಿಂಗೇನು ಗೊತ್ತು ತಾಯಿ?"

ಸಾಲಿನಲ್ಲಿ ಯಾರೋ ನಕ್ಕರು. ಕಾಲು ಇಲ್ಲಿಂದ ಓಡೆಂದಿತು. ನಾನು ಅವಳ ಪಕ್ಕ ಕೂತೆ.

"ನಾನೂ ಅದೇ ಮಾತ್ರೆ ನುಂಗ್ತೀನಿ ಅತ್ತೆ," ಅಂದೆ. "ಹದಿನೇಳು ವರ್ಷ ಆಯ್ತು. ಏಪ್ರಿಲ್ಲಲ್ಲಿ ಅದು ಮೈಯಲ್ಲಿ ಜಾಸ್ತಿಯಾಗಿ ಸಾಯೋ ಹಾಗಾಗಿತ್ತು. ನಂಗೆ ಗೊತ್ತೇ ಆಗ್ಲಿಲ್ಲ."

ಲಮೈ ನನ್ನ ಕೈ ಎಳೆದುಕೊಂಡು ಅಂಗೈ ಬಿಡಿಸಿ, ಮೀನು ತೂಗಿ ನೋಡುವವಳಂತೆ ಒಂದು ಗಳಿಗೆ ಹಿಡಿದಳು.

"ನಡುಗ್ತಿದೆಯಲ್ಲ."

"ಇದು ಮಾತ್ರೇದಲ್ಲ. ಹೆದರಿಕೇದು."

"ಯಾರ ಹೆದರಿಕೆ? ನಮ್ಮದಾ?" ಅಂದವಳೇ ಬೆಂಚಿನ ಆ ತುದಿಗೂ ಕೇಳುವ ಹಾಗೆ ಮಾರ್ಕೆಟ್ಟಿನ ದನಿ ತೆಗೆದಳು. "ಏ, ಇವಳೂ ನಮ್ಮವಳೇ ಕಣ್ರೇ! ಕೋಟು ಹಾಕ್ಕೊಂಡಿದಾಳೆ ಅಷ್ಟೆ!"

ಹದಿನೆಂಟು ತಲೆಗಳು ತಿರುಗಿದವು. ಔಷಧಿ ಕಿಟಕಿಯ ಗುಮಾಸ್ತ ತಿರುಗಿದ. ನಮ್ಮ ಪ್ರಯೋಗಾಲಯದಿಂದ ಯಾವುದೋ ಕಾಗದ ತಂದಿದ್ದ ಇಬ್ಬರು ಅಲ್ಲೇ ನಿಂತರು. ಬೆಂಚಿನ ಮೂಲೆಯ ಮುದುಕನೊಬ್ಬ ಕೈಜೋಡಿಸಿ ತಲೆಬಾಗಿದ, ಮನೆಗೆ ಬಂದವರಿಗೆ ಬಾಗುವ ಹಾಗೆ. ನಾನೂ ಬಾಗಿದೆ.

ಲಮೈ ಚೀಲವನ್ನು ನನ್ನ ತೊಡೆಗೆ ಹಾಕಿ ಎದ್ದಳು. "ಹಿಡ್ಕೊಂಡಿರು. ಕಳ್ದ್ರೆ ನಿನ್ನ ಬಿಡಲ್ಲ," ಎಂದು ಒಳಗೆ ಹೋದಳು.

ಚೀಲ ಹಿಡಿದುಕೊಂಡೇ ಮುಂದಿನ ಹೆಸರು ಕರೆದೆ.